ಡೋರೀನಮ್ಮನ ಕನ್ನಡದ ದನಿ

ಬಾಡ್‌ಹೂವೆಡಾರ್ಪ್
೧೨ ನವೆಂಬರ್ ೨೦೨೪

ರಜನಿ,

ಎಂತ ಮಾರಾಯ್ತಿ ನಿನ್ನ ಕತೆ? ಫೋನ್ ಮಾಡಿದರೆ ನಿನ್ನ ಗಂಡ ಕೇಶವ ಎತ್ತಿ, "ಸ್ಟುಡಿಯೋದಲ್ಲಿದ್ದಾಳೆ" ಅನ್ನುತ್ತಾರೆ. ವಾಟ್ಸಾಪಿನಲ್ಲಿ ನಾನು ಮಾತಾಡಿ ಕಳಿಸಿದರೆ ನೀನು ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಿ. ಮೈಸೂರಿನ ಲೇಡೀಸ್ ಹಾಸ್ಟೆಲಿನಲ್ಲಿ ನಿನ್ನ ಬಾಯಿ ಮುಚ್ಚಿಸಲು ವಾರ್ಡನ್ನೇ ಮೆಟ್ಟಿಲು ಹತ್ತಿ ಬರಬೇಕಿತ್ತು. ಈಗ ನಾನು ಕೂತು ಮೇಲ್ ಬರೆಯುವ ಕಾಲ ಬಂತು. ಆಯ್ತು, ಬರೆಯುತ್ತೇನೆ. ಸುದ್ದಿ ಒಳ್ಳೆಯದಲ್ಲ.

ನಮ್ಮ ಕೆಳಮನೆಯ ಡೋರೀನ್ ಹ್ಯಾಸ್ಕೆಲ್‌ಗೆ ಕಳೆದ ತಿಂಗಳು ಸ್ಟ್ರೋಕ್ ಆಯಿತು. ಜೀವಕ್ಕೆ ತೊಂದರೆ ಇಲ್ಲ. ಬಲಗೈ ಸೋತಿದೆ, ಮಾತು ಪೂರ್ತಿ ಹೋಗಿದೆ. ನಾವು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತದೆ, ತಾನು ಹೇಳಲು ಹೋದರೆ ಒಂದು ಶಬ್ದವೂ ಕೈಗೆ ಸಿಗುವುದಿಲ್ಲ. ಅಮೆರಿಕದ ಸಿನಿಮಾದಲ್ಲಿ ಮಾತಾಡಿಯೇ ಬದುಕು ಕಟ್ಟಿಕೊಂಡ ಹೆಂಗಸು. ನೀನು ಅವರ ಪೆಟ್ರೋಲ್ ಬಂಕಿನ ಅಜ್ಜಿಯ ಸೀರೀಸ್‌ಗೆ ಡಬ್ ಮಾಡಲು ಶುರುಮಾಡಿದಾಗಿನಿಂದ ಕನ್ನಡದಲ್ಲಿ ಅವರ ಬಾಯಿ ನೀನೇ. ಅದಕ್ಕೆ ನಿನಗೇ ಮೊದಲು ಹೇಳುತ್ತಿದ್ದೇನೆ.

ಅವರು ನನ್ನ ಪೇಶಂಟ್ ಅಲ್ಲ. ನಾನು ಸ್ಪೀಚ್ ಥೆರಪಿ ಮಾಡುವುದು ಜೂಟರ್‌ಮೀರ್‌ನ ಕ್ಲಿನಿಕ್ಕಿನಲ್ಲಿ, ಅದೂ ಡಚ್ ಮಕ್ಕಳಿಗೆ. ಇವರಿಗೆ ಬೇರೊಬ್ಬಳು ಬರುತ್ತಾಳೆ. ನಾನು ಬರೀ ಮೇಲ್ಮನೆಯವಳು. ಆದರೂ ಕೆಲಸ ಮುಗಿಸಿ ಬಸ್ಸಿಳಿದವಳು ಮೊದಲು ಅವರ ಬಾಗಿಲಿಗೆ ಹೋಗುತ್ತೇನೆ, ಆಮೇಲೆ ನನ್ನ ಮನೆಗೆ.

ಒಂದು ವಿಚಿತ್ರ ಹೇಳುತ್ತೇನೆ. ಹೊತ್ತು ಹೋಗಲಿ ಎಂದು ನಿಮ್ಮ ಅದೇ ಪೆಟ್ರೋಲ್ ಬಂಕಿನ ಅಜ್ಜಿಯ ಸೀರೀಸ್ ಹಾಕಿದೆ. ಇಂಗ್ಲಿಷಿನಲ್ಲಿ ತನ್ನ ದನಿ ಕೇಳಿದ ತಕ್ಷಣ ಅವರು ಎಡಗೈಯನ್ನು ಪರದೆಯ ಮೇಲೆ ಅಡ್ಡ ಇಟ್ಟುಬಿಟ್ಟರು. ಕಣ್ಣು ತುಂಬಿತ್ತು. ಆಫ್ ಮಾಡಲು ಹೋಗಿ ನನ್ನ ಬೆರಳು ತಾಗಿ ಭಾಷೆ ಬದಲಾಯಿತು. ನೀನು ಶುರುಮಾಡಿದೆ: "ಏನಪ್ಪಾ, ಟ್ಯಾಂಕ್ ತುಂಬಿಸ್ಲಾ, ಇಲ್ಲ ಬರೀ ಗಾಳೀನಾ?" ಡೋರೀನ್ ಕೈ ತೆಗೆದರು. ಕೂತು ಪೂರ್ತಿ ಕಂತು ನೋಡಿದರು. ಮುಗಿದಾಗ ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದರು. ಅದು ಶೂಟಿಂಗಿನ ಸನ್ನೆ: ನಿಲ್ಲಿಸಬೇಡ, ಕ್ಯಾಮೆರಾ ಓಡಲಿ. ಹುಷಾರಾಗಿದ್ದಾಗ ನಾನು ಕಾಫಿ ಬಗ್ಗಿಸುವಾಗಲೂ ಅದನ್ನೇ ಮಾಡುತ್ತಿದ್ದರು, ಇನ್ನೂ ಹಾಕು ಅಂತ.

ಇಂಗ್ಲಿಷಿನಲ್ಲಿ ಕೇಳಿದರೆ ಕಳಕೊಂಡದ್ದೆಲ್ಲ ಎದುರು ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಅವರಿಗೆ ತಿಳಿಯಬೇಕಾದ್ದು ಏನೂ ಇಲ್ಲ, ಅದಕ್ಕೇ ಸಮಾಧಾನ ಇರಬೇಕು.

ನೀನು ಒಂದು ಉಪಕಾರ ಮಾಡು. ಅವರ ಹೆಸರು ಹೇಳಿ ಕನ್ನಡದಲ್ಲಿ ಏನಾದರೂ ಮಾತಾಡಿ ಕಳಿಸು. ನಿನಗೆ ಎಷ್ಟು ಹೊತ್ತಿನ ಕೆಲಸ ಅದು?

ಜಯಶೀಲಾ


ಬೆಂಗಳೂರು
೧೪ ನವೆಂಬರ್ ೨೦೨೪
(ಬರೆದದ್ದು, ಕಳಿಸಲಿಲ್ಲ)

ಜಯಾ,

ಎಷ್ಟು ಹೊತ್ತಿನ ಕೆಲಸ ಅಂದೆಯಲ್ಲ. ನನ್ನಿಂದ ಆಗದ ಕೆಲಸ ಕಣೇ ಅದು.

ಆಗಸ್ಟಿನಲ್ಲಿ ನನ್ನ ಥೈರಾಯ್ಡ್ ಗಡ್ಡೆ ತೆಗೆದರು. ಗಡ್ಡೆ ಕೆಟ್ಟದ್ದಲ್ಲ, ದೇವರು ದೊಡ್ಡವನು. ಆದರೆ ಎಚ್ಚರವಾಗಿ "ನೀರು" ಅಂದೆ, ಬಾಯಿಂದ ಬರೀ ಗಾಳಿ ಬಂತು. ದನಿಯ ನರಕ್ಕೆ ಪೆಟ್ಟಾಗಿದೆಯಂತೆ. ಯಾರ ತಪ್ಪೂ ಅಲ್ಲ, ಕೆಲವರಿಗೆ ಹಾಗಾಗುತ್ತದೆ, ಮೊದಲೇ ಹೇಳಿ ಸಹಿಯನ್ನೂ ಹಾಕಿಸಿಕೊಂಡಿದ್ದರು. ಈಗ ನಾನು ಮಾತಾಡಿದರೆ ಸೈಕಲ್ ಟ್ಯೂಬ್ ಪಂಕ್ಚರ್ ಆದ ಹಾಗೆ ಕೇಳುತ್ತದೆ.

ನೀನು ಕೇಳಿದರೆ ಒಂದೇ ಉಸಿರಿಗೆ ಕಂಡುಹಿಡಿಯುತ್ತೀ, ಅದೇ ನಿನ್ನ ಕಸುಬಲ್ಲವೇ. ನೀನು "ಇದು ಸರಿಹೋಗಲ್ಲ" ಅಂದುಬಿಟ್ಟರೆ ಆಮೇಲೆ ನಾನು ಯಾರನ್ನು ಕೇಳಲಿ? ಕೇಶವ ಫೋನಿನಲ್ಲಿ ಸುಳ್ಳು ಹೇಳುವಾಗ ನಾನು ಅವರ ಪಕ್ಕದಲ್ಲೇ ಸೊಪ್ಪು ಸೋಸುತ್ತಾ ಕೂತಿರುತ್ತೇನೆ.


ಬೆಂಗಳೂರು
೧೫ ನವೆಂಬರ್ ೨೦೨೪

ಜಯಾ,

ಡೋರೀನಮ್ಮನ ಸುದ್ದಿ ಓದಿ ಬೇಜಾರಾಯಿತು. ಅವರನ್ನು ನಾನು ನೋಡಿಲ್ಲ, ಅವರ ತುಟಿ ಮಾತ್ರ ನೋಡಿದ್ದೇನೆ. ಆದರೆ ಆ ತುಟಿ ನನಗೆ ಗೊತ್ತಿರುವಷ್ಟು ನನ್ನ ಗಂಡನದೂ ಗೊತ್ತಿಲ್ಲ. ಎಲ್ಲಿ ಮುಚ್ಚುತ್ತದೆ, ಎಲ್ಲಿ ಹಿಗ್ಗುತ್ತದೆ, ಅಲ್ಲಿಗೆ ಸರಿಯಾಗಿ 'ಪ'ವೋ 'ಮ'ವೋ ಬೀಳಬೇಕು. ಅವರ ಇನ್ನೊಂದು ಅಭ್ಯಾಸ ನೀನು ಗಮನಿಸಿದ್ದೀಯಾ? ಸಿಟ್ಟಿನ ಮಾತಿಗೆ ಮೊದಲು ಮೂಗಿನಲ್ಲಿ ಒಂದು ಚಿಕ್ಕ ಉಸಿರು ಎಳೆದುಕೊಳ್ಳುತ್ತಾರೆ. ಅದನ್ನು ಕಲಿಯಲು ನನಗೆ ಒಂದು ಇಡೀ ಸೀಸನ್ ಬೇಕಾಯಿತು. ಆಮೇಲೆ ಮನೆಯಲ್ಲೂ ಹಾಗೇ ಎಳೆಯುತ್ತಿದ್ದೆನಂತೆ, ಕೇಶವ "ಬಂತು ನೋಡು ಅಮೆರಿಕಾ" ಅನ್ನುತ್ತಿದ್ದರು.

ದನಿ ಕಳಿಸುವ ವಿಷಯ. ಕಂಪನಿಯವರ ಕರಾರಿನಲ್ಲಿ ಹೊರಗೆ ಎಲ್ಲೂ ಆ ಪಾತ್ರದ ದನಿ ಕೊಡಬಾರದು ಅಂತಿದೆ. ಕೆಲಸವೂ ಜಾಸ್ತಿ. ಬೇಜಾರು ಮಾಡ್ಕೋಬೇಡ. ಹಳೇ ಕಂತುಗಳಿವೆಯಲ್ಲ, ಅದನ್ನೇ ಹಾಕು.

ಮಗಳು ಅಶ್ವಿತಾ ಹೇಗಿದ್ದಾಳೆ?

ರಜನಿ


ಬಾಡ್‌ಹೂವೆಡಾರ್ಪ್
೮ ಡಿಸೆಂಬರ್ ೨೦೨೪

ರಜನಿ,

ಆ ಉಸಿರು ಇನ್ನೂ ಉಂಟು! ನಿನ್ನ ಕಾಗದ ಓದಿದ ಮರುದಿನವೇ ನೋಡಿದೆ. ಊಟ ಮಾಡಿಸುವವಳು ತಣ್ಣಗಿನ ಸೂಪು ತಂದಿಟ್ಟಳು. ಡೋರೀನ್ ಮೂಗಿನಲ್ಲಿ ಸುಂಯ್ ಅಂತ ಎಳೆದರು. ಬಯ್ಯಲು ಎಲ್ಲ ತಯಾರಾಯಿತು, ಬೈಗುಳ ಮಾತ್ರ ಬರಲಿಲ್ಲ. ನನಗೆ ಅಳುವೇ ಬಂತು.

ಅಶ್ವಿತಾ ಹದಿನಾಲ್ಕು ವರ್ಷದ ಡಚ್ ಮಹಾರಾಣಿ. ನಾನು ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ, ತುಳುವಿನಲ್ಲಿ ಕೇಳಿದರೆ ಉತ್ತರವೇ ಇಲ್ಲ. ಆದರೆ ಕೆಳಗೆ ಡೋರೀನ್ ಜೊತೆ ಕೂತು ನಿನ್ನ ಅಜ್ಜಿಯನ್ನು ನೋಡುತ್ತಾಳೆ. ಮೊನ್ನೆ ಅವಳ ಅಪ್ಪ ಲತೀಶ್ ಅನ್ನ ಬಡಿಸಿಕೊಳ್ಳುವಾಗ, "ಟ್ಯಾಂಕ್ ತುಂಬಿಸ್ಲಾ, ಇಲ್ಲ ಬರೀ ಗಾಳೀನಾ?" ಅಂದಳು. ಈ ವರ್ಷ ಈ ಮನೆಯಲ್ಲಿ ಅವಳ ಬಾಯಿಂದ ಬಿದ್ದ ಕನ್ನಡ ಅದೊಂದೇ. ನಿನ್ನ ಕೃಪೆ.

ಡೋರೀನ್ ಹುಷಾರಾಗಿದ್ದಾಗ ನನಗೆ ಹೇಳಿದ ಒಂದು ಸಂಗತಿ ನಿನಗೆ ಬರೆಯಬೇಕು. ಅವರು ಕೆಂಟಕಿಯ ಕಲ್ಲಿದ್ದಲು ಗಣಿಯ ಊರಿನವರು. ಹತ್ತೊಂಬತ್ತಕ್ಕೆ ಮೊದಲ ಸಿನಿಮಾ. ಮುಖ ಎಲ್ಲರಿಗೂ ಹಿಡಿಸಿತು, ಮಾತು ಯಾರಿಗೂ ಹಿಡಿಸಲಿಲ್ಲ, ಹಳ್ಳಿ ಉಚ್ಚಾರ. ಅವರಿಗೆ ಒಂದು ಮಾತೂ ಹೇಳದೆ ಬೇರೆ ಹೆಂಗಸಿನ ದನಿ ಕೂಡಿಸಿದರು. ಥಿಯೇಟರಿನಲ್ಲಿ ಕೂತು ನೋಡುವಾಗ ಗೊತ್ತಾಯಿತಂತೆ.

"ಪಕ್ಕದಲ್ಲಿ ನನ್ನ ಅಪ್ಪ ಕೂತಿದ್ದ ಜಯಾ. 'ಇದು ಯಾರು ಮಾತಾಡೋದು?' ಅಂತ ಕೇಳಿದ. ನಾನೇ ಅಂದೆ."

ಸಿನಿಮಾ ಓಡಿತು. ಪತ್ರಿಕೆಯವರು ಆ ದನಿಯನ್ನೇ ಹೊಗಳಿದರು. ಎರಡನೆಯ ಸಿನಿಮಾಕ್ಕೆ ಕರೆದಾಗ ಅದೇ ದನಿ ಬೇಕೆಂದರು. ಇವರು ಏನು ಮಾಡಿದರು ಗೊತ್ತುಂಟಾ? ಅದೇ ಸಿನಿಮಾವನ್ನು ದಿನಾ ಹೋಗಿ ಕಣ್ಣು ಮುಚ್ಚಿ ಕೇಳಿ, ಆ ಹೆಂಗಸಿನ ಹಾಗೆ ಮಾತಾಡಲು ಕಲಿತರು. ಮುಂದೆ ಇಡೀ ಜೀವನ ಆ ದನಿಯಲ್ಲೇ ಕಳೆಯಿತು. ಹೆಸರು ಬಂತು. ಎರಡು ಮದುವೆ ಬಂತು, ಹೋಯಿತು. ನಲವತ್ತು ದಾಟಿದ ಮೇಲೆ ಫೋನ್ ಬರುವುದು ನಿಂತಿತು. ಇಲ್ಲಿಗೆ ಒಂದು ಚಿಕ್ಕ ಪಾತ್ರಕ್ಕೆ ಬಂದವರು ಸೌಂಡ್ ರೆಕಾರ್ಡ್ ಮಾಡುವ ಡಚ್ಚನನ್ನು ಕಟ್ಟಿಕೊಂಡು ಉಳಿದರು. ವಿಮಾನ ನಿಲ್ದಾಣ ಹತ್ತಿರ, ಯಾರಾದರೂ ಕರೆದರೆ ಹಾರಬಹುದು ಅಂತ ಈ ಊರು. ಯಾರೂ ಕರೆಯಲಿಲ್ಲ. ಗಂಡ ತೀರಿಕೊಂಡ ಮೇಲೆ, ಎಲ್ಲ ಮರೆತ ಮೇಲೆ, ಈ ಬಂಕಿನ ಅಜ್ಜಿಯ ಪಾತ್ರ ಬಂತು.

ಆ ದನಿಯವಳನ್ನು ಒಮ್ಮೆ ನೋಡಬೇಕೆಂದು ವರ್ಷಗಟ್ಟಲೆ ಹುಡುಕಿದ್ದರಂತೆ. ಯಾವ ಕಾಗದದಲ್ಲೂ ಅವಳ ಹೆಸರಿಲ್ಲ.

ಹಾಗಾಗಿ ನೀನು ನಕಲು ಮಾಡಿದ್ದು ಡೋರೀನನ್ನಲ್ಲ ಮಾರಾಯ್ತಿ. ಡೋರೀನ್ ನಕಲು ಮಾಡಿದ ಇನ್ನೊಬ್ಬಳನ್ನು.

ಮಗ ಕ್ಲಿಫರ್ಡ್ ಅಮೆರಿಕದಿಂದ ಬಂದಿದ್ದಾನೆ. ಕೆಟ್ಟವನಲ್ಲ, ದಣಿದಿದ್ದಾನೆ. ಅಮ್ಮನನ್ನು ಏಪ್ರಿಲಿನಲ್ಲಿ ಅರಿಝೋನಾಕ್ಕೆ, ತನ್ನ ಮನೆಯ ಹತ್ತಿರದ ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗುತ್ತಾನಂತೆ. ಅದಕ್ಕೆ ಮೊದಲು ಒಮ್ಮೆ ಅವರ ಹತ್ತಿರ ಮಾತಾಡೇ. ಕರಾರು ಅಂತ ಹೇಳಬೇಡ. "ನಮಸ್ಕಾರ ಡೋರೀನಮ್ಮ" ಎನ್ನಲು ಯಾವ ಕಂಪನಿಯ ಅಪ್ಪಣೆ ಬೇಕು?

ಜಯಶೀಲಾ


ಬೆಂಗಳೂರು
೧೫ ಡಿಸೆಂಬರ್ ೨೦೨೪

ಜಯಾ,

ಆ ಹೆಸರಿಲ್ಲದವಳ ಕತೆ ಓದಿ ನನಗೆ ಆಶ್ಚರ್ಯ ಏನೂ ಆಗಲಿಲ್ಲ. ಕನ್ನಡ ಬಾರದ ನಾಯಕಿಯರಿಗೆಲ್ಲ ಇಲ್ಲಿ ಕತ್ತಲೆ ಕೋಣೆಯಲ್ಲಿ ನಿಂತು ಅತ್ತವಳು, ನಕ್ಕವಳು, ಹೆರಿಗೆ ನೋವು ತಿಂದವಳು ನಾನು. ಪ್ರಶಸ್ತಿ ತಗೊಳ್ಳೋವಾಗ ಒಬ್ಬಳು "ಥ್ಯಾಂಕ್ಯೂ ಕರ್ನಾಟಕ" ಅಂದಳು. ಅಷ್ಟೇ.

ದನಿ ಕಳಿಸಲು ಆಗಲ್ಲ ಕಣೇ. ಪದೇ ಪದೇ ಕೇಳಬೇಡ. ಸ್ಟುಡಿಯೋಗೆ ಹೊತ್ತಾಯಿತು.

ರಜನಿ


ಬಾಡ್‌ಹೂವೆಡಾರ್ಪ್
೩ ಜನವರಿ ೨೦೨೫

ರಜನಿ,

ಹೊಸ ವರ್ಷದ ದಿನವೂ ನಿನ್ನದು ಬರೀ ಪಟಾಕಿಯ ಚಿತ್ರ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಎಂದಾದರೂ ಫೋನ್ ಎತ್ತುತ್ತೀ ಎಂದು ಕಾದೆ. ಈಗ ಅರ್ಥವಾಯಿತು. ನಿನಗೆ ಕೊಂಬು ಬಂದಿದೆ. ನೀನು ದೊಡ್ಡ ಕಲಾವಿದೆ, ನಾವು ಹೊರದೇಶದಲ್ಲಿ ತೊದಲುವ ಮಕ್ಕಳ ನಾಲಗೆ ತಿದ್ದುವವರು. ಮಾತಾಡಲು ಪುಕ್ಕಟೆ ಕೇಳಿದೆನಲ್ಲ, ಅದೇ ನನ್ನ ತಪ್ಪು.

ಡೋರೀನ್ ಹೆಸರು ಹೇಳಿ ಕೇಳಿದೆ. ನಿಜ ಹೇಳಲಾ? ಅರ್ಧ ಅವರಿಗೆ, ಅರ್ಧ ನನಗೆ. ಇಡೀ ದಿನ ನಾನು ಡಚ್ಚಿನಲ್ಲಿ ನಗುತ್ತೇನೆ, ಡಚ್ಚಿನಲ್ಲಿ ಸಮಾಧಾನ ಹೇಳುತ್ತೇನೆ. ಮನೆಗೆ ಬಂದರೆ ಲತೀಶ್ ಲ್ಯಾಪ್‌ಟಾಪಿನ ಹತ್ತಿರ ಮಾತಾಡುತ್ತಿರುತ್ತಾನೆ, ಮಗಳು "ದೂ ನೋರ್ಮಾಲ್" ಅಂತ ಬಾಗಿಲು ಹಾಕಿಕೊಳ್ಳುತ್ತಾಳೆ. ಅಂದರೆ ಸುಮ್ಮನೆ ನೆಟ್ಟಗಿರು ಅಂತ, ಅಮ್ಮನಿಗೆ! ಜೂಟರ್‌ಮೀರ್‌ನಿಂದ ಬರುವ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ನೀನು ಹಿಂದೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ್ದನ್ನೇ ಕೇಳುತ್ತಿದ್ದೆ. ಮಾವಿನಮಿಡಿ ಉಪ್ಪಿನಕಾಯಿಗೆ ಬೂಷ್ಟು ಬಂದ ಕತೆ ಎಷ್ಟು ಸಲ ಕೇಳಿದೆನೋ. ನನಗೆ ಸುಸ್ತಾಗಿದೆ ರಜನಿ. ಮನೆಯ ಡಾಕ್ಟರು ಎರಡು ವಾರ ರಜೆ ಹಾಕು ಎಂದಿದ್ದಾರೆ. ಅದನ್ನೂ ನಿನಗೆ ಹೇಳಿರಲಿಲ್ಲ.

ಇನ್ನು ಕೇಳುವುದಿಲ್ಲ. ನಿನ್ನ ದನಿ ನಿನಗೇ ಇರಲಿ.

ಜಯಶೀಲಾ


ಬೆಂಗಳೂರು
೨೨ ಫೆಬ್ರವರಿ ೨೦೨೫

ಜಯಾ,

ನಿನ್ನ ಕೊನೆಯ ಸಾಲು ಓದಿ ಇಷ್ಟು ದಿನ ಸುಮ್ಮನೆ ಕೂತೆ. ನನ್ನ ದನಿ ನನಗೂ ಇಲ್ಲ ಕಣೇ.

ಆಗಸ್ಟಿನಲ್ಲಿ ಥೈರಾಯ್ಡ್ ಆಪರೇಷನ್ ಆಯಿತು, ದನಿಯ ನರ ಸೋತಿತು. ಗಂಟಲಿನ ಎರಡು ತಂತಿಗಳಲ್ಲಿ ಒಂದು ಅಲ್ಲಾಡುವುದಿಲ್ಲ ಎಂದರು ಡಾಕ್ಟರು. ಸ್ಟುಡಿಯೋಗೆ ಹೊತ್ತಾಯಿತು ಎಂದು ಬರೆದೆನಲ್ಲ, ಅವತ್ತು ಅಡುಗೆಮನೆಯಿಂದ ಹಜಾರಕ್ಕೆ ಹೋದದ್ದು ಬಿಟ್ಟರೆ ಬೇರೆ ಎಲ್ಲೂ ಹೋಗಿರಲಿಲ್ಲ. ನಿನಗೆ ಮಾತ್ರ ಗೊತ್ತಾಗಬಾರದಿತ್ತು. ಬೇರೆಯವರು "ಗಂಟಲು ಕಟ್ಟಿದೆಯಾ ಮೇಡಂ, ಮೆಣಸಿನ ಕಷಾಯ ಕುಡೀರಿ" ಅನ್ನುತ್ತಾರೆ. ನೀನು ನಿಜ ಹೇಳುತ್ತೀಯ. ನಿಜಕ್ಕೆ ಹೆದರಿದೆ.

ಈಗ ಇನ್ನೊಂದು ಬಂದಿದೆ. ಡೋರೀನಮ್ಮ ಕಾಯಿಲೆ ಬೀಳುವ ಮೊದಲೇ ಮಾಡಿ ಮುಗಿಸಿದ ಐದನೇ ಸೀಸನ್ ಡಬ್ಬಿಂಗ್‌ಗೆ ಬಂದಿದೆ. ಸ್ಟುಡಿಯೋದ ಪೃಥ್ವಿ ಮನೆಗೇ ಬಂದಿದ್ದ. ಹುಡುಗ ಒಳ್ಳೆಯವನು, ಹಣ್ಣು ತಂದಿದ್ದ.

"ಮೇಡಂ, ನೀವು ಬರೋದೇ ಬೇಡ. ನಾಲ್ಕು ಸೀಸನ್ ನಿಮ್ಮ ವಾಯ್ಸ್ ನಮ್ ಹತ್ರ ಇದೆ. ಅದನ್ನ ಫೀಡ್ ಮಾಡಿದ್ರೆ ಕಂಪ್ಯೂಟರ್ರೇ ನಿಮ್ ಥರ ಮಾತಾಡುತ್ತೆ. ಒಂದು ಸೈನ್ ಸಾಕು. ನಿಮಗೂ ಒಳ್ಳೇದಲ್ವಾ?"

ಮೊಬೈಲಿನಲ್ಲಿ ಒಂದು ಸ್ಯಾಂಪಲ್ ಕೇಳಿಸಿದ. ನಾನೇ ಕಣೇ. ನಾನು ಯಾವತ್ತೂ ಆಡದ ಮಾತು, ನನ್ನ ಗಂಟಲಿನಲ್ಲಿ. ಸಿಟ್ಟಿನ ಮೊದಲಿನ ಉಸಿರು ಮಾತ್ರ ಇರಲಿಲ್ಲ. ಅದನ್ನು ಚೀಟಿಯಲ್ಲಿ ಬರೆದು ತೋರಿಸಿದರೆ, "ಅದನ್ನೂ ಹಾಕಿಸ್ಬೋದು ಮೇಡಂ" ಅಂದ.

ಕೇಶವ ಸಹಿ ಹಾಕು ಅನ್ನುತ್ತಾರೆ. ಹೆಸರಾದರೂ ಉಳಿಯುತ್ತದೆ, ಮನೆಯಲ್ಲಿ ಕೂತು ಕೊರಗುವುದು ತಪ್ಪುತ್ತದೆ ಅಂತ. ಅವರ ಮಾತೂ ಸುಳ್ಳಲ್ಲ. ಬೇಡ ಎಂದರೆ ನಾನು ಆ ಪಾತ್ರದಿಂದ ಹೊರಗೆ, ಇನ್ನು ಯಾವ ಪಾತ್ರವೂ ಬರುವುದಿಲ್ಲ. ಹ್ಞೂಂ ಎಂದರೆ ಹಳೇ ರಜನಿ ಮಾತಾಡುತ್ತಲೇ ಇರುತ್ತಾಳೆ, ನಾನು ಇಲ್ಲಿ ಬಾಯಿ ಮುಚ್ಚಿಕೊಂಡು ಅವಳನ್ನು ಕೇಳುತ್ತಿರಬೇಕು. ಅತ್ತ ದರಿ, ಇತ್ತ ಪುಲಿ. ತಿಂಗಳ ಕೊನೆಗೆ ಉತ್ತರ ಹೇಳಬೇಕು.

ಈ ಮೇಲ್ ಜೊತೆ ಒಂದು ರೆಕಾರ್ಡಿಂಗ್ ಇದೆ. ಆಗಸ್ಟಿನಿಂದ ಮೊದಲ ಸಲ ಬಾಯಿಬಿಟ್ಟು ರೆಕಾರ್ಡ್ ಮಾಡಿದ್ದು. ನೀನು ಥೆರಪಿಸ್ಟಾಗಿ ಕೇಳಬೇಡ. ಡೋರೀನಮ್ಮನಿಗೆ ಹಾಕಿ ನೋಡು. ಅವರು ಕೈ ಅಡ್ಡ ಇಟ್ಟರೆ ಹಾಗೇ ಬರಿ, ಸಿಹಿ ಸುತ್ತಿ ಬರೆಯಬೇಡ. ಪೃಥ್ವಿಗೆ ಏನು ಹೇಳಬೇಕೋ ಆಗ ಹೇಳುತ್ತೇನೆ.

ರಜನಿ


ಬಾಡ್‌ಹೂವೆಡಾರ್ಪ್
೨೫ ಫೆಬ್ರವರಿ ೨೦೨೫

ನನ್ನ ರಜನೀ,

ನಿನಗೆ ಎರಡು ಬಿಡಬೇಕು, ಆಮೇಲೆ ನನಗೂ ಎರಡು ಬಿಟ್ಟುಕೊಳ್ಳಬೇಕು. ದನಿಯೇ ಹೋದವಳಿಗೆ ಕೊಂಬು ಬಂದಿದೆ ಎಂದು ಬರೆದೆನಲ್ಲ! ಥೂ ನನ್ನ ಬಾಯಿಗೆ. ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿ ಇಳಿಯುವ ಸ್ಟಾಪ್ ಬಿಟ್ಟು ಮುಂದೆ ಹೋಗಿಬಿಟ್ಟೆ.

ಥೆರಪಿಸ್ಟಾಗಿ ಕೇಳಬೇಡ ಎಂದೆ. ಕೇಳಿದೆ, ಏನೀಗ? ಒಂದು ತಂತಿ ಸೋತರೆ ಇನ್ನೊಂದಕ್ಕೆ ದಾಟಿ ಬಂದು ಮುಟ್ಟಲು ಕಲಿಸಬಹುದು. ಹಳೇ ದನಿ ಬರುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಇದಕ್ಕಿಂತ ಗಟ್ಟಿ ದನಿ ಬರಬಹುದು. ಇಷ್ಟು ತಿಂಗಳು ಸುಮ್ಮನೆ ಕಳೆದೆಯಲ್ಲ ಮಾರಾಯ್ತಿ, ಮನೆಯಲ್ಲಿ ವೈದ್ಯರನ್ನು ಇಟ್ಟುಕೊಂಡು ಬೀದಿಯಲ್ಲಿ ಕಷಾಯ ಕೇಳಿದ ಹಾಗೆ. ಭಾನುವಾರ ವಿಡಿಯೋ ಕಾಲ್ ಮಾಡುತ್ತೇನೆ. ಕೇಶವ ಎತ್ತಿ ಸ್ಟುಡಿಯೋ ಎಂದರೆ ಅವರಿಗೂ ಉಂಟು.

ಈಗ ಡೋರೀನ್ ವಿಷಯ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸಂಜೆ ಹೋದಾಗ ಮನೆ ತುಂಬ ರಟ್ಟಿನ ಡಬ್ಬ. ಕ್ಲಿಫರ್ಡ್ ಗೋಡೆಯ ಚಿತ್ರಗಳನ್ನೆಲ್ಲ ಇಳಿಸುತ್ತಿದ್ದ. ಡೋರೀನ್ ಕಿಟಕಿಯ ಹತ್ತಿರ ಕೂತಿದ್ದರು. ನಾನು ಅವರ ಹಳೇ ಫೋಟೋ ತೋರಿಸಿ, ಗಂಟಲು ಮುಟ್ಟಿ, ನಿಧಾನವಾಗಿ ಹೇಳಿದೆ: ಕನ್ನಡದಲ್ಲಿ ನಿಮ್ಮ ಪರವಾಗಿ ಮಾತಾಡುವವಳಿಗೂ ದನಿ ಹೋಗಿದೆ. ಅವಳ ಹೆಸರು ರಜನಿ. ಅರ್ಥವಾಯಿತೋ ಇಲ್ಲವೋ, ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಹಾಕಿದೆ. "ಏನಪ್ಪಾ, ಟ್ಯಾಂಕ್ ತುಂಬಿಸ್ಲಾ" ಎಂದು ಗಾಳಿಯಲ್ಲೇ ಹೇಳಿದ್ದೀಯಲ್ಲ, ಮಾತಿಗಿಂತ ಉಸಿರೇ ಹೆಚ್ಚು. ಡೋರೀನ್ ಎಡಗೈ ಎತ್ತಿದರು. ಅಡ್ಡ ಇಟ್ಟರು ಎಂದುಕೊಂಡೆ. ಕೈ ಮೊಬೈಲಿನ ಹತ್ತಿರ ಬಂದು ನಿಂತಿತು. ಬೆರಳು ಸುತ್ತು ಬರೆಯಿತು.

ನಿನ್ನದು ಮುಗಿಯಿತು. ಬೆರಳು ನಿಲ್ಲಲಿಲ್ಲ. ಮತ್ತೆ ಹಾಕಿದೆ, ಮುಗಿಯಿತು, ಬೆರಳು ತಿರುಗುತ್ತಲೇ ಇತ್ತು. ಕ್ಲಿಫರ್ಡ್ ಡಬ್ಬ ಬಿಟ್ಟು ಬಂದು, "ಅಮ್ಮನಿಗೆ ಏನು ಬೇಕಂತೆ?" ಎಂದ. ಇನ್ನೂ ಬೇಕಂತೆ ಎಂದೆ. ನನ್ನ ಹತ್ತಿರ ಇನ್ನೇನೂ ಇರಲಿಲ್ಲ.

ಅವರಿಗೆ ಅದು ನೀನೇ ಎಂದು ತಿಳಿಯಿತೇ? ಗೊತ್ತಿಲ್ಲ. ಹಳೇ ದನಿಗೂ ಬೆರಳು ಸುತ್ತಿದ್ದುಂಟು, ಆದರೆ ಒಂದೇ ಸುತ್ತು. ಇಷ್ಟೇ ನಾನು ನೋಡಿದ್ದು.

ಸಹಿ ಹಾಕು, ಬೇಡ, ಎರಡನ್ನೂ ನಾನು ಹೇಳುವುದಿಲ್ಲ. ಕಾಗದ ಬರೆಯುವುದು ಮಾತ್ರ ಬಿಡಬೇಡ.

ನಿನ್ನ ಜಯಾ


ಬೆಂಗಳೂರು
೧೦ ಮಾರ್ಚ್ ೨೦೨೫

ಜಯಾ,

ನೀನು ಹೇಳಿಕೊಟ್ಟ ಹಾಗೆ ಗೋಡೆಗೆ ಕೈ ಒತ್ತಿ "ಆ" ಎನ್ನುತ್ತಿದ್ದೇನೆ. ಪಕ್ಕದ ಮನೆಯವರು ನಾವು ಪೀಠೋಪಕರಣ ಸರಿಸುತ್ತಿದ್ದೇವೆ ಎಂದುಕೊಂಡಿದ್ದಾರೆ.

ಪೃಥ್ವಿಗೆ ಆಗಲ್ಲ ಎಂದೆ. ಕೇಶವನ ಮೊಬೈಲಿನಿಂದ ನಾನೇ ಫೋನ್ ಮಾಡಿ, ನನ್ನ ಈ ದನಿಯಲ್ಲೇ. ಮೊದಲು ಯಾರೆಂದು ಅವನಿಗೆ ತಿಳಿಯಲಿಲ್ಲ. "ಯಾರ್ ಮಾತಾಡೋದು?" ಅಂದ. ಡೋರೀನಮ್ಮನ ಅಪ್ಪ ಕೇಳಿದ್ದೂ ಅದನ್ನೇ ಅಲ್ಲವೇ. ನಾನೇ ಅಂದೆ. ಅವರು ಅವತ್ತು ಸುಳ್ಳು ಹೇಳಿದ್ದರು, ನಾನು ನಿಜ ಹೇಳಿದೆ, ಅಷ್ಟೇ ವ್ಯತ್ಯಾಸ.

ಪಾತ್ರ ಹಿತಾ ಎಂಬ ಹುಡುಗಿಗೆ ಹೋಯಿತು. ಹೊಟ್ಟೆ ಉರಿಯಲಿಲ್ಲ ಎಂದರೆ ನೀನು ನಂಬಬೇಡ. ಎರಡು ದಿನ ಕೇಶವನ ಮೇಲೆ ಹರಿಹಾಯ್ದೆ. ಆಮೇಲೆ ಆ ಹುಡುಗಿ ಬಾಗಿಲಿಗೆ ಬಂದಳು, "ಮೇಡಂ, ಆ ಉಸಿರು ಎಲ್ಲಿಂದ ತಗೋಬೇಕು?" ಎಂದು. ಕೂರಿಸಿ ಹೇಳಿಕೊಟ್ಟೆ. ಇನ್ನೂ ಸರಿಯಾಗಿ ಬಂದಿಲ್ಲ, ಬರುತ್ತದೆ. ಅವಳ ಹೆಸರು ಕೊನೆಯಲ್ಲಿ ಪರದೆ ಮೇಲೆ ಹಾಕಿಸು ಎಂದು ಪೃಥ್ವಿಗೆ ಹೇಳಿದ್ದೇನೆ. "ನೋಡೋಣ ಮೇಡಂ" ಅಂದಿದ್ದಾನೆ. ಅವರ 'ನೋಡೋಣ' ನನಗೆ ಗೊತ್ತು, ಬಿಡುವುದಿಲ್ಲ.

ಇನ್ನು ಮುಂದೆ ಏನು ಮಾಡುತ್ತೇನೋ ತಿಳಿಯದು. ತುಂಬ ಆಯಾಸವಾಗಿದೆ. ಆದರೆ ಸೊಪ್ಪು ಸೋಸುತ್ತಾ ಸುಳ್ಳು ಕೇಳಿಸಿಕೊಳ್ಳುವ ಆಯಾಸ ಹೋಯಿತು.

ಇದರ ಜೊತೆ ಎರಡು ರೆಕಾರ್ಡಿಂಗ್ ಇವೆ. ಮೊದಲನೆಯದು ಡೋರೀನಮ್ಮನಿಗೆ, ಬಂಕಿನ ಅಜ್ಜಿಯ ಮುಂದಿನ ಮಾತುಗಳು, ಉದ್ದವಾಗಿಯೇ ಇದೆ. ಅರಿಝೋನಾಕ್ಕೆ ಹೋಗುವಾಗ ಮಗನ ಮೊಬೈಲಿಗೂ ಹಾಕಿಕೊಡು, ಬೆರಳು ಸುತ್ತಿದರೆ ಏನು ಮಾಡಬೇಕು ಎಂದು ಅವನಿಗೆ ಹೇಳಿಕೊಡು.

ಎರಡನೆಯದು ನಿನಗೆ. ಅದರಲ್ಲಿ ಅಜ್ಜಿ ಇಲ್ಲ, ನಾಯಕಿ ಇಲ್ಲ, ಯಾರ ತುಟಿಗೂ ಕೂಡಿಸಿದ ಮಾತಿಲ್ಲ. ನಡುವೆ ಕೆಮ್ಮಿದ್ದೇನೆ, ಕುಕ್ಕರ್ ಕೂಗಿದೆ. ಉಪ್ಪಿನಕಾಯಿಗೆ ಈ ವರ್ಷ ಬೂಷ್ಟು ಬರಲಿಲ್ಲ, ಅದರ ಕತೆ ಇದೆ. ಬಸ್ಸಿನಲ್ಲಿ ಕೇಳು.

ರಜನಿ